ಒರೆಸುವ ಮೊದಲು ನೋಡಿರಿ

ಬಳಕೆಯ ವಸ್ತುಗಳಲ್ಲಿ ಎರಡು ಬಗೆಯುಂಟು. ಬೆಲೆ ಹೆಚ್ಚೆಂಬ ಕಾರಣದಿಂದ ನಾವು ಎಚ್ಚರಿಕೆಯಿಂದ ಹಿಡಿಯುವಂಥವು ಒಂದು ಬಗೆ. ಬೆಲೆಯೇ ಇಲ್ಲವೆಂಬ ಕಾರಣದಿಂದ ಲಕ್ಷ್ಯಕ್ಕೆ ಬಾರದೆ ಹೋಗುವಂಥವು ಇನ್ನೊಂದು ಬಗೆ. ಕ್ಯಾಮೆರಾದ ಮಸೂರವು ಮೊದಲನೆಯದಕ್ಕೆ ಸೇರಿದರೆ, ಆ ಮಸೂರವನ್ನು ಒರೆಸುವ ಅಂಗೈಯಗಲದ ಬಟ್ಟೆಯು ಎರಡನೆಯದಕ್ಕೆ ಸೇರುತ್ತದೆ. ಕನ್ನಡಕ ಕೊಂಡವರಿಗೆ ಅಂಗಡಿಯವರು ಡಬ್ಬಿಯೊಳಗೆ ಮಡಿಸಿ ಪುಕ್ಕಟೆಯಾಗಿ ಕೊಡುವ ನುಣುಪಾದ ತುಂಡೇ ಅದು. ಮೈಕ್ರೋಫೈಬರ್ ಬಟ್ಟೆಯೆಂದು ಅದರ ಹೆಸರು. ಸೂಕ್ಷ್ಮತಂತುವಿನ ಬಟ್ಟೆಯೆಂದು ಕನ್ನಡದಲ್ಲಿ ಹೇಳಬಹುದು. ಛಾಯಾಚಿತ್ರ ತೆಗೆಯುವ ಹವ್ಯಾಸವುಳ್ಳ ವಿದ್ಯಾರ್ಥಿಗಳಲ್ಲಿ ಇದನ್ನು ಜೇಬಿನಲ್ಲಿಯೋ ಚೀಲದ ಮೂಲೆಯಲ್ಲಿಯೋ ಇಟ್ಟುಕೊಳ್ಳದವರು ವಿರಳ. ಅದನ್ನು ಒಮ್ಮೆಯಾದರೂ ಹಿಗ್ಗಿಸಿ ನೋಡಿದವರು ಇನ್ನೂ ವಿರಳ.

ಡಬ್ಬಿಯಲ್ಲಿ ಮುಚ್ಚಿಟ್ಟ ಮಸೂರಕ್ಕೆ ತಾನಾಗಿ ಗೀರು ಬೀಳುವುದಿಲ್ಲ. ಗೀರು ಬೀಳಬೇಕಾದರೆ ಗಟ್ಟಿಯಾದ ವಸ್ತುವೊಂದು ಅದರ ಮೈಮೇಲೆ ಉಜ್ಜಿಕೊಂಡು ಹೋಗಬೇಕು. ಮಸೂರದ ಮೈಯನ್ನು ನಾವು ಉಜ್ಜುವುದಾದರೂ ಯಾವಾಗ? ಶುಚಿಗೊಳಿಸುವ ಸದುದ್ದೇಶದಿಂದ ಬಟ್ಟೆಯನ್ನು ಕೈಗೆತ್ತಿಕೊಂಡಾಗ. ಹೀಗಿರುವುದರಿಂದ ಈ ಲೇಖನದಲ್ಲಿ ಎರಡು ಮಾತುಗಳನ್ನು ವಿದ್ಯಾರ್ಥಿಗಳ ಮುಂದಿಡಬಯಸುತ್ತೇನೆ. ಮೊದಲನೆಯದು, ನಾವು ಮಸೂರವನ್ನು ಈಗ ಒರೆಸುತ್ತಿರುವುದಕ್ಕಿಂತ ಬಹಳ ಕಡಿಮೆ ಒರೆಸಬೇಕು. ಎರಡನೆಯದು, ಒರೆಸುವ ಬಟ್ಟೆಯನ್ನು ಉಪಕರಣವೆಂದು ಬಳಸುವ ಮೊದಲು ನೋಡತಕ್ಕ ವಸ್ತುವೆಂದು ಭಾವಿಸಿ ಅದರದೇ ಛಾಯಾಚಿತ್ರವನ್ನು ತೆಗೆಯಬೇಕು. ಇವೆರಡೂ ಬೇರೆಬೇರೆ ಸಲಹೆಗಳಂತೆ ತೋರಿದರೂ, ಎರಡನೆಯದನ್ನು ಮಾಡಿದವನಿಗೆ ಮೊದಲನೆಯದನ್ನು ಮತ್ತೆ ಉಪದೇಶಿಸಬೇಕಾದ ಅಗತ್ಯ ಬೀಳುವುದಿಲ್ಲ.

ಎಳೆಯ ವೃತ್ತಾಂತ

ನೂಲಿನ ಉದ್ಯಮದಲ್ಲಿ ಎಳೆಯ ನಯವನ್ನು ಡೆನಿಯರ್ ಎಂಬ ಮಾನದಿಂದ ಅಳೆಯುವ ವಾಡಿಕೆಯಿದೆ. 9,000 ಮೀಟರ್ ಉದ್ದದ ಎಳೆಯು ಎಷ್ಟು ಗ್ರಾಮ್ ತೂಗುತ್ತದೆಯೋ ಅಷ್ಟು ಡೆನಿಯರ್. ರೇಷ್ಮೆಯ ಎಳೆಯು ಹೆಚ್ಚುಕಡಮೆ ಒಂದು ಡೆನಿಯರಿನ ಆಸುಪಾಸಿನಲ್ಲಿರುತ್ತದೆ. ಒಂದು ಡೆನಿಯರಿಗಿಂತಲೂ ನವುರಾದ ಎಳೆಗಳಿಗೆ ಸೂಕ್ಷ್ಮತಂತುಗಳೆಂದು ಹೆಸರು. ಪಾಲಿಯೆಸ್ಟರಿನ ಸಾಂದ್ರತೆಯು ಘನ ಸೆಂಟಿಮೀಟರಿಗೆ ಸುಮಾರು 1.38 ಗ್ರಾಮ್ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ ಒಂದು ಡೆನಿಯರ್ ಎಳೆಯ ವ್ಯಾಸವು ಸುಮಾರು 10 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲು, ಎಂದಾಗುತ್ತದೆ. ಈ ಲೆಕ್ಕವನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಿ ನೋಡಬಹುದು.

ಇಂಥ ಎಳೆಗಳನ್ನು ತಯಾರಿಸುವ ವಿದ್ಯೆಯು ಜಪಾನಿನಲ್ಲಿ ಬೆಳೆಯಿತು. ಟೋರೇ ಎಂಬ ಸಂಸ್ಥೆಯಲ್ಲಿ ಮಿಯೋಶಿ ಒಕಾಮೋಟೋ ಎಂಬ ವಿಜ್ಞಾನಿ 1960ರ ದಶಕದಲ್ಲಿ ಈ ಕೆಲಸದಲ್ಲಿ ತೊಡಗಿದ್ದರು. ಎಳೆಯನ್ನು ನೇರವಾಗಿ ಅತಿ ತೆಳ್ಳಗೆ ಎಳೆಯಹೋದರೆ ತುಂಡಾಗುತ್ತದೆ. ಆದುದರಿಂದ ಒಂದು ಪದಾರ್ಥದ ಅನೇಕ ನವುರಾದ ಎಳೆಗಳನ್ನು ಇನ್ನೊಂದು ಪದಾರ್ಥದ ನಡುವೆ ಹುದುಗಿಸಿ, ಎಲ್ಲವನ್ನೂ ಒಂದೇ ದಪ್ಪ ಎಳೆಯಾಗಿ ಎಳೆದು, ಆಮೇಲೆ ಹೊರಗಿನ ಪದಾರ್ಥವನ್ನು ಕರಗಿಸಿ ತೆಗೆಯುವ ಉಪಾಯವನ್ನು ಬಳಸಿದರು. ಅಡ್ಡಲಾಗಿ ಕೊಯ್ದು ನೋಡಿದರೆ ಕಡಲಿನ ನಡುವೆ ದ್ವೀಪಗಳಿರುವಂತೆ ತೋರುವುದರಿಂದ ಈ ವಿಧಾನಕ್ಕೆ ‘ಕಡಲ ದ್ವೀಪ’ ಎಂಬ ಹೆಸರೇ ಬಂದಿತು. 1970ರಲ್ಲಿ ಮಾರುಕಟ್ಟೆಗೆ ಬಂದ ಅಲ್ಟ್ರಾಸ್ವೇಡ್ ಎಂಬ ಕೃತಕ ಚರ್ಮವು ಇದರ ಫಲ.

ಒರೆಸುವ ಬಟ್ಟೆಗಳಲ್ಲಿ ಬಹುವಾಗಿ ಕಾಣುವುದು ಇದರ ದಾಯಾದಿಯಾದ ಇನ್ನೊಂದು ವಿಧಾನ. ಬಟ್ಟೆಯ ಚೀಟಿಯಲ್ಲಿ ‘ಪಾಲಿಯೆಸ್ಟರ್ 80, ಪಾಲಿಅಮೈಡ್ 20’ ಎಂದು ನಮೂದಿಸಿರುವುದನ್ನು ನೀವು ನೋಡಿರಬಹುದು. ಪಾಲಿಅಮೈಡ್ ಎಂದರೆ ನೈಲಾನಿನ ಕುಲ. ಈ ಎರಡನ್ನೂ ಒಟ್ಟಿಗೆ ಎಳೆದಾಗ ಎಳೆಯ ಅಡ್ಡಕೊಯ್ತವು ಕಿತ್ತಳೆಹಣ್ಣನ್ನು ಅಡ್ಡಲಾಗಿ ಹೆಚ್ಚಿದಂತೆ ಕಾಣುತ್ತದೆ: ನೈಲಾನು ತೊಳೆಗಳ ನಡುವಿನ ಸಿಪ್ಪೆಯಂತೆ, ಪಾಲಿಯೆಸ್ಟರು ತೊಳೆಗಳಂತೆ. ಬಟ್ಟೆ ನೇಯ್ದಾದ ಮೇಲೆ ಕ್ಷಾರದ್ರಾವಣದಲ್ಲಿ ಅದ್ದಿಯೋ ರಭಸದ ನೀರಿನ ಧಾರೆಯಿಂದ ಹೊಡೆದೋ ಈ ತೊಳೆಗಳನ್ನು ಬಿಡಿಸುತ್ತಾರೆ. ಎರಡು ಡೆನಿಯರಿನ ಎಳೆಯೊಂದು 16 ಹೋಳಾದರೆ ಪ್ರತಿಯೊಂದು ಹೋಳೂ ಒಂದು ಡೆನಿಯರಿನ ಎಂಟನೆಯ ಒಂದು ಪಾಲಾಗುತ್ತದೆ. ಅದರ ದಪ್ಪ ಸುಮಾರು 3ರಿಂದ 4 ಮೈಕ್ರೋಮೀಟರ್. ಅಷ್ಟೇ ತೂಕದ ಪದಾರ್ಥವನ್ನು 16 ಎಳೆಗಳಾಗಿ ಹಂಚಿದರೆ ಹೊರಮೈ 16ರ ವರ್ಗಮೂಲದಷ್ಟು, ಅಂದರೆ ನಾಲ್ಕು ಮಡಿ, ಹೆಚ್ಚುತ್ತದೆ. ಹೋಳುಗಳಿಗೆ ಕೋನಗಳಿರುವುದರಿಂದ ನಿಜವಾದ ಹೆಚ್ಚಳ ಇನ್ನೂ ಅಧಿಕ.

ಈ ಬಟ್ಟೆಯ ಶಕ್ತಿಯೆಲ್ಲ ಇಲ್ಲಿಯೇ ಅಡಗಿದೆ. ಹತ್ತಿಯ ಎಳೆಯು ಚಪ್ಪಟೆಯಾಗಿ ತಿರುಚಿದ ಪಟ್ಟಿಯಂತಿದ್ದು ಸುಮಾರು 12ರಿಂದ 20 ಮೈಕ್ರೋಮೀಟರ್ ಅಗಲವಾಗಿರುತ್ತದೆ. ಬೆರಳಿನ ಜಿಡ್ಡಿನ ಮೇಲೆ ಹತ್ತಿಯ ಕರವಸ್ತ್ರವನ್ನು ಆಡಿಸಿದರೆ ಜಿಡ್ಡು ಹೆಚ್ಚಾಗಿ ಗಾಜಿನ ಮೇಲೆಯೇ ತೆಳುವಾಗಿ ಹರಡಿಕೊಳ್ಳುತ್ತದೆ. ಸೂಕ್ಷ್ಮತಂತುವಿನ ಹರಿತವಾದ ಅಂಚುಗಳಾದರೋ ಜಿಡ್ಡಿನ ಪೊರೆಯ ಅಡಿಗೆ ನುಗ್ಗಿ ಅದನ್ನು ಎಬ್ಬಿಸುತ್ತವೆ. ಎಳೆಗಳ ನಡುವಿನ ಅತಿ ಕಿರಿದಾದ ಸಂದುಗಳು ಲೋಮನಾಳಗಳಂತೆ ವರ್ತಿಸಿ ಅದನ್ನು ಒಳಕ್ಕೆ ಹೀರುತ್ತವೆ. ನಾಳವು ಕಿರಿದಾದಷ್ಟೂ ಹೀರುವ ಬಲ ಹೆಚ್ಚೆಂಬುದನ್ನು ಭೌತವಿಜ್ಞಾನದ ತರಗತಿಯಲ್ಲಿ ನೀವು ಕಲಿತಿದ್ದೀರಿ. ಅಲ್ಲದೆ ಪಾಲಿಯೆಸ್ಟರು ಎಣ್ಣೆಯನ್ನು ಬೇಗನೆ ಹಚ್ಚಿಕೊಳ್ಳುವ ಸ್ವಭಾವದ್ದು. ನೈಲಾನು ನೀರನ್ನು ಅದಕ್ಕಿಂತ ಚೆನ್ನಾಗಿ ಸೇರಿಸಿಕೊಳ್ಳುವಂಥದು.

ಮಾರುಕಟ್ಟೆಯಲ್ಲಿ ಈ ಹೆಸರಿನಿಂದ ಮಾರಾಟವಾಗುವ ಬಟ್ಟೆಗಳೆಲ್ಲ ಹೋಳಾದ ಎಳೆಯವಲ್ಲ. ಪರೀಕ್ಷೆ ಸುಲಭ. ಒಣಗಿದ ಅಂಗೈಯ ಮೇಲೆ ಬಟ್ಟೆಯನ್ನು ಮೆಲ್ಲನೆ ಎಳೆಯಿರಿ. ಹೋಳಾದ ಎಳೆಯು ಚರ್ಮದ ಒರಟಿಗೆ ಸಿಕ್ಕಿಕೊಳ್ಳುವಂತೆ ತೋರುತ್ತದೆ. ಮೇಜಿನ ಮೇಲೆ ಒಂದು ಹನಿ ನೀರು ಚೆಲ್ಲಿ ಒರೆಸಿರಿ. ಒಳ್ಳೆಯ ಬಟ್ಟೆ ಅದನ್ನು ಹೀರುತ್ತದೆ, ಹೋಳಾಗದ ಎಳೆಯದು ನೀರನ್ನು ಮುಂದಕ್ಕೆ ತಳ್ಳುತ್ತದೆ.

ಹಿಡಿದುದನ್ನು ಬಿಡದ ಗುಣ

ಇಷ್ಟು ಹೇಳಿದರೆ ಈ ಬಟ್ಟೆಯ ಸ್ತುತಿಯಾಯಿತು. ಆದರೆ ಒಂದು ವಸ್ತುವಿನ ಗುಣವೇ ಇನ್ನೊಂದು ಸಂದರ್ಭದಲ್ಲಿ ಅದರ ದೋಷವಾಗುವುದುಂಟು. ಜಿಡ್ಡನ್ನು ಹೀರಿ ಹಿಡಿದಿಡುವ ಸಂದುಗಳೇ ಧೂಳಿನ ಕಣಗಳನ್ನೂ ಹಿಡಿದಿಡುತ್ತವೆ. ನಮ್ಮ ರಸ್ತೆಗಳ ಧೂಳಿನಲ್ಲಿ ಬೆಣಚುಕಲ್ಲಿನ ಪುಡಿ ಸಾಮಾನ್ಯ. ಖನಿಜಗಳ ಗಡಸುತನವನ್ನು ಅಳೆಯುವ ಮೋಹ್ಸ್ ಮಾನದಲ್ಲಿ ಬೆಣಚಿನ ಸ್ಥಾನ 7. ಸಾಮಾನ್ಯ ಗಾಜಿನದು ಸುಮಾರು 5.5. ಹೆಚ್ಚು ಗಡಸಾದುದು ಕಡಮೆ ಗಡಸಾದುದನ್ನು ಗೀರುತ್ತದೆಯೇ ಹೊರತು ಅದಕ್ಕೆ ವಿಪರೀತವಾಗಿ ನಡೆಯುವುದಿಲ್ಲ. ಆದುದರಿಂದ ಧೂಳು ತುಂಬಿದ ಮಸೂರವನ್ನು ಒಣಬಟ್ಟೆಯಿಂದ ಒರೆಸುವುದೆಂದರೆ, ಗಾಜಿಗಿಂತ ಗಡಸಾದ ಸಾವಿರ ಉಳಿಗಳನ್ನು ಒಂದು ಮೆತ್ತೆಗೆ ಸಿಕ್ಕಿಸಿಕೊಂಡು ಗಾಜಿನ ಮೇಲೆ ಎಳೆದಂತೆ. ಬಟ್ಟೆ ಮೃದುವಾಗಿದೆ, ನಿಜ. ಆದರೆ ಗೀರುವುದು ಬಟ್ಟೆಯಲ್ಲ, ಬಟ್ಟೆ ಹೊತ್ತ ಕಣ. ನಿನ್ನೆಯ ದಿನ ಬೈಸಿಕಲ್ಲಿನ ಗಂಟೆಯನ್ನೋ ಮೇಜಿನ ಗಾಜನ್ನೋ ಒರೆಸಿದ ಬಟ್ಟೆಯು ಇಂದು ಮಸೂರಕ್ಕೆ ಬಂದರೆ, ಕಣ್ಣಿಗೆ ಶುಚಿಯಾಗಿ ಕಂಡರೂ ನಿನ್ನೆಯ ಕಣಗಳನ್ನು ಹೊತ್ತುಕೊಂಡೇ ಬಂದಿರುತ್ತದೆ.

ಗೀರು ಬೀಳುವ ಮೈಯಾದರೂ ಬರಿಯ ಗಾಜಲ್ಲ. ಲೇಪನವಿಲ್ಲದ ಗಾಜಿನ ಪ್ರತಿಯೊಂದು ಮೈಯೂ ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ ನಾಲ್ಕು ಪಾಲನ್ನು ಹಿಂದಕ್ಕೆ ಹೊಡೆಯುತ್ತದೆ. ಆರು ಬಿಡಿಗಾಜುಗಳಿರುವ ಮಸೂರದಲ್ಲಿ ಹನ್ನೆರಡು ಮೈಗಳು. ಅಷ್ಟನ್ನೂ ದಾಟಿ ಹೋಗುವ ಬೆಳಕು ನೂರಕ್ಕೆ 61 ಪಾಲು ಮಾತ್ರ. ಉಳಿದುದರಲ್ಲಿ ಒಂದಂಶವು ಒಳಗೊಳಗೇ ಪ್ರತಿಫಲಿಸಿ ಚಿತ್ರದ ಮೇಲೆ ಮಬ್ಬಾಗಿ ಬೀಳುತ್ತದೆ. ಈ ನಷ್ಟವನ್ನು ತಡೆಯಲು 1935ರಲ್ಲಿ ಜರ್ಮನಿಯ ಕಾರ್ಲ್ ಝೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಕುಲಾ ಗಾಜಿನ ಮೇಲೆ ತೆಳುವಾದ ಪೊರೆಯನ್ನು ಕೂರಿಸುವ ವಿಧಾನವನ್ನು ಕಂಡುಹಿಡಿದರು. ಮೆಗ್ನೀಸಿಯಮ್ ಫ್ಲೋರೈಡಿನ ಇಂಥ ಒಂದು ಪೊರೆಯ ದಪ್ಪ, ಹಸುರು ಬೆಳಕಿನ ಅಲೆಯುದ್ದಕ್ಕೆ ಹೊಂದುವಂತೆ, ಸುಮಾರು 100 ನ್ಯಾನೋಮೀಟರ್. ಮಿಲಿಮೀಟರಿನ ಹತ್ತುಸಾವಿರದಲ್ಲೊಂದು ಪಾಲು. ಪ್ರತಿಫಲನವು ಇದರಿಂದ ನೂರಕ್ಕೆ ಒಂದೂಕಾಲರಷ್ಟಕ್ಕೆ ಇಳಿಯುತ್ತದೆ. ಇಂದಿನ ಮಸೂರಗಳಲ್ಲಿ ಒಂದರ ಮೇಲೊಂದರಂತೆ ಹಲವು ಪೊರೆಗಳಿರುತ್ತವೆ. ನಾವು ಹಿಂದೆ ಹೇಳಿದ ಸೂಕ್ಷ್ಮತಂತುವಿನ ಒಂದು ಹೋಳು ಕೂಡ ಈ ಒಂದು ಪೊರೆಗಿಂತ ಮೂವತ್ತು ಮಡಿಗೂ ಹೆಚ್ಚು ದಪ್ಪ. ಒರೆಸುವವನ ಕೈಕೆಳಗೆ ಇರುವುದು ಎಂಥ ನಾಜೂಕಿನ ವಸ್ತುವೆಂಬುದು ಇದರಿಂದ ವಿದಿತವಾಗುತ್ತದೆ.

ಈ ಪೊರೆಯ ಇತಿಹಾಸದಲ್ಲಿ ಒಂದು ಸ್ವಾರಸ್ಯವಿದೆ. 1890ರ ದಶಕದಲ್ಲಿ ಇಂಗ್ಲೆಂಡಿನ ಮಸೂರ ತಜ್ಞ ಡೆನ್ನಿಸ್ ಟೇಲರ್, ಹಳೆಯದಾಗಿ ಮೈ ಮಾಸಿದ ಮಸೂರಗಳು ಹೊಸವಕ್ಕಿಂತ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತವೆಂಬುದನ್ನು ಗಮನಿಸಿದರು. ಗಾಳಿಯ ಸೋಂಕಿನಿಂದ ಗಾಜಿನ ಮೇಲೆ ತಾನಾಗಿ ಬೆಳೆದ ತೆಳುಪೊರೆಯೇ ಅಲ್ಲಿ ಪ್ರತಿಫಲನವನ್ನು ತಗ್ಗಿಸುತ್ತಿತ್ತು. ಕಲೆಯೆಂದು ಕಂಡುದೆಲ್ಲವೂ ಉಜ್ಜಿ ತೆಗೆಯತಕ್ಕದ್ದಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಧೂಳಿನ ಅಪರಾಧವೆಷ್ಟು?

ಮಸೂರದ ಮೇಲೆ ಒಂದು ಕಣ ಕಂಡೊಡನೆ ಬಟ್ಟೆಗೆ ಕೈಹಾಕುವುದು ಹಲವರ ಅಭ್ಯಾಸ. ಆ ಕಣವು ಚಿತ್ರಕ್ಕೆ ಮಾಡುವ ಹಾನಿಯನ್ನು ಲೆಕ್ಕ ಹಾಕೋಣ. 50 ಮಿಲಿಮೀಟರ್ ನಾಭಿದೂರದ ಮಸೂರವನ್ನು ಎಫ್/2 ದ್ವಾರದಲ್ಲಿ ಬಳಸಿದಾಗ ಬೆಳಕು ಒಳಹೊಗುವ ವರ್ತುಲದ ವ್ಯಾಸ 25 ಮಿಲಿಮೀಟರ್. ಅರ್ಧ ಮಿಲಿಮೀಟರ್ ವ್ಯಾಸದ ಒಂದು ಕಣ, ಇದು ಸಾಕಷ್ಟು ದೊಡ್ಡ ಕಣವೇ, ಆ ವರ್ತುಲದಲ್ಲಿ 2,500ರಲ್ಲಿ ಒಂದು ಪಾಲನ್ನು ಮರೆಮಾಡುತ್ತದೆ. ಮುಂಗಾಜಿನ ಮೇಲಿನ ಕಣವು ನಾಭಿಗೆ ಬಹು ದೂರದಲ್ಲಿರುವುದರಿಂದ ಚಿತ್ರದಲ್ಲಿ ಅದರ ಆಕಾರವೂ ಮೂಡುವುದಿಲ್ಲ. ಅಂದಮೇಲೆ ನಾಲ್ಕಾರು ಕಣಗಳಿಗಾಗಿ ಮಸೂರವನ್ನು ಉಜ್ಜುವುದು ನೊಣವನ್ನು ಓಡಿಸಲು ಒನಕೆಯನ್ನು ಬೀಸಿದಂತೆ.

ಬೆರಳಿನ ಗುರುತಾದರೋ ಬೇರೆಯ ಮಾತು. ಅದರ ಜಿಡ್ಡು ಪೊರೆಯ ಮೇಲೆ ಇನ್ನೊಂದು ಪೊರೆಯಾಗಿ ಕುಳಿತು ಅಲೆಗಳ ಹೊಂದಾಣಿಕೆಯನ್ನು ಕೆಡಿಸುತ್ತದೆ. ಅದರ ಏರುತಗ್ಗುಗಳು ಬೆಳಕನ್ನು ಚದರಿಸುತ್ತವೆ. ದೀಪಕ್ಕೆ ಎದುರಾಗಿ ಚಿತ್ರ ತೆಗೆದಾಗ ದೀಪದ ಸುತ್ತ ಮಂಜು ಕವಿದಂತಾಗಿ ಕಪ್ಪು ಭಾಗಗಳು ಬೂದಿಬಣ್ಣಕ್ಕೆ ತಿರುಗುತ್ತವೆ. ಇದನ್ನು ತೆಗೆಯಲೇಬೇಕು, ಮತ್ತು ಇದಕ್ಕೆ ಸೂಕ್ಷ್ಮತಂತುವಿನ ಬಟ್ಟೆಗಿಂತ ಉತ್ತಮವಾದ ಸಾಧನ ವಿದ್ಯಾರ್ಥಿಯ ಕೈಗೆ ಸುಲಭವಾಗಿ ದೊರೆಯದು. ಮೊದಲು ರಬ್ಬರ್ ಬುರುಡೆಯಿಂದ ಗಾಳಿಯೂದಿ ಕಣಗಳನ್ನು ಹಾರಿಸಬೇಕು. ಅಂಟಿಕೊಂಡವನ್ನು ಮೃದುವಾದ ಕುಂಚದಿಂದ ಎತ್ತಬೇಕು. ಆಮೇಲೆ ಬಟ್ಟೆಯ ಶುಚಿಯಾದ ಮಡಿಕೆಯಿಂದ ಹಗುರವಾಗಿ ಒರೆಸಬೇಕು. ಒಮ್ಮೆ ಒರೆಸಿದ ಮಡಿಕೆಯನ್ನೇ ಮತ್ತೆ ತಿರುಗಿಸಿ ಉಜ್ಜಬಾರದು. ಧೂಳಿಗೆ ಗಾಳಿ, ಜಿಡ್ಡಿಗೆ ಬಟ್ಟೆ, ಉಳಿದುದಕ್ಕೆ ತಾಳ್ಮೆ: ಇಷ್ಟನ್ನು ನೆನಪಿನಲ್ಲಿಟ್ಟರೆ ಸಾಕು. ಕ್ಯಾಮೆರಾದ ಒಳಗಿರುವ ಸಂವೇದಕ ಫಲಕಕ್ಕೆ ಮಾತ್ರ ಈ ಬಟ್ಟೆಯನ್ನು ಎಂದಿಗೂ ಮುಟ್ಟಿಸಕೂಡದು. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಮಸೂರದೊಳಗೆ ಬೆಳೆಯುವ ಬೂಷ್ಟಿಗೂ ಬಟ್ಟೆ ಮದ್ದಲ್ಲ. ಒದ್ದೆಬಟ್ಟೆಯನ್ನು ಕ್ಯಾಮೆರಾದ ಚೀಲದಲ್ಲಿಟ್ಟರೆ ಆ ಬೂಷ್ಟಿಗೆ ಬೇಕಾದ ತೇವವನ್ನು ನಾವೇ ಒದಗಿಸಿದಂತಾಗುತ್ತದೆ.

ಬಟ್ಟೆಯೇ ವಿಷಯವಾದಾಗ

ಇನ್ನು ಎರಡನೆಯ ಮಾತಿಗೆ ಬರುತ್ತೇನೆ. ಬಟ್ಟೆಯನ್ನು ಹಿಗ್ಗಿಸಿ ನೋಡುವುದು ಹೊಸ ಹುಚ್ಚಲ್ಲ. ಸೂಕ್ಷ್ಮದರ್ಶನದ ಇತಿಹಾಸದಲ್ಲಿ ಅದಕ್ಕೆ ಗೌರವದ ಸ್ಥಾನವಿದೆ. ಡೆಲ್ಫ್ಟ್ ನಗರದ ಲ್ಯೂವೆನ್‌ಹುಕ್ ಜವಳಿ ವ್ಯಾಪಾರಿಯಾಗಿದ್ದವರು. 1665ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ‘ಮೈಕ್ರೋಗ್ರಾಫಿಯಾ’ ಗ್ರಂಥದಲ್ಲಿ ರಾಬರ್ಟ್ ಹುಕ್ ಸೂಜಿಯ ಮೊನೆ, ಕತ್ತಿಯ ಅಲಗುಗಳನ್ನು ವರ್ಣಿಸಿದ ಮೇಲೆ ಕೈಹಾಕಿದುದು ನಯವಾದ ನಾರುಬಟ್ಟೆ ಮತ್ತು ರೇಷ್ಮೆಬಟ್ಟೆಗಳಿಗೆ. ಚಿಗಟ, ಬೆಂಡಿನ ಕೋಶಗಳು ಬಂದುದು ಅನಂತರ. ರೇಷ್ಮೆಯ ಎಳೆಯನ್ನು ನೋಡಿದ ಹುಕ್ ಅಲ್ಲಿಗೇ ನಿಲ್ಲಲಿಲ್ಲ. ಹುಳುವಿನಂತೆಯೇ ಮನುಷ್ಯನೂ ಅಂಟಾದ ಪದಾರ್ಥವೊಂದನ್ನು ತಯಾರಿಸಿ ಎಳೆಯಾಗಿ ಎಳೆಯಲು ಸಾಧ್ಯವಾಗಬಹುದೆಂಬ ಊಹೆಯನ್ನು ಬರೆದಿಟ್ಟರು. ಇಂದಿನ ಪಾಲಿಯೆಸ್ಟರ್ ಎಳೆಯು ಆ ಊಹೆಯ ದೂರದ ಮೊಮ್ಮಗ. ನೋಡುವ ಅಭ್ಯಾಸದಿಂದ ಮಾಡುವ ವಿಚಾರ ಹುಟ್ಟಿದುದಕ್ಕೆ ಇದು ಸಾಕ್ಷಿ.

ಇದಕ್ಕೆ ದುಬಾರಿಯ ಸಲಕರಣೆ ಬೇಕಿಲ್ಲ. 50 ಮಿಲಿಮೀಟರ್ ಮಸೂರವನ್ನು ಕ್ಯಾಮೆರಾದಿಂದ 50 ಮಿಲಿಮೀಟರ್ ಮುಂದಕ್ಕೆ ತರುವಷ್ಟು ಉದ್ದದ ಟೊಳ್ಳು ಉಂಗುರಗಳನ್ನು ನಡುವೆ ಸೇರಿಸಿದರೆ ವಸ್ತುವೂ ಬಿಂಬವೂ ಒಂದೇ ಅಳತೆಗೆ ಬರುತ್ತವೆ. ಮಸೂರವನ್ನು ಹಿಂದುಮುಂದಾಗಿ ತಿರುಗಿಸಿ ಜೋಡಿಸುವ ಉಪಾಯವೂ ಇದೆ. ಈ ಕೆಲಸದಲ್ಲಿ ತೊಡಗಿದವನಿಗೆ ಪಠ್ಯಪುಸ್ತಕದ ದೃಗ್ವಿಜ್ಞಾನ ಜೀವ ತಳೆಯುತ್ತದೆ. ಒಂದಕ್ಕೊಂದರ ಅಳತೆಯಲ್ಲಿ ಎಫ್/8 ದ್ವಾರದಿಂದ ಸಿಗುವ ಸ್ಪಷ್ಟತೆಯ ಆಳ ಸುಮಾರು ಒಂದು ಮಿಲಿಮೀಟರ್ ಮಾತ್ರ. ಐದು ಮಡಿ ಹಿಗ್ಗಿಸಿ ಎಫ್/4ರಲ್ಲಿ ತೆಗೆದರೆ ಅದು ಮಿಲಿಮೀಟರಿನ ನೂರರಲ್ಲಿ ಆರು ಪಾಲಿಗೆ ಕುಗ್ಗುತ್ತದೆ. ಹಾಗಾದರೆ ದ್ವಾರವನ್ನು ಎಫ್/22ಕ್ಕೆ ಕಿರಿದುಗೊಳಿಸಿದರಾಯಿತು ಎನ್ನುವಿರಾ? ಆಗ ಬೆಳಕಿನ ವಿವರ್ತನೆ ಅಡ್ಡ ಬರುತ್ತದೆ. ಒಂದಕ್ಕೊಂದರ ಅಳತೆಯಲ್ಲಿ ಎಫ್/22 ಎಂಬುದು ವಾಸ್ತವವಾಗಿ ಎಫ್/44ರಂತೆ ವರ್ತಿಸುವುದರಿಂದ, ವಸ್ತುವಿನ ಒಂದೊಂದು ಬಿಂದುವೂ ಸಂವೇದಕದ ಮೇಲೆ ಸುಮಾರು 0.06 ಮಿಲಿಮೀಟರ್ ಅಗಲದ ತಟ್ಟೆಯಾಗಿ ಹರಡುತ್ತದೆ. ಹದಿನೈದು ಸೂಕ್ಷ್ಮತಂತುಗಳು ಆ ಒಂದು ತಟ್ಟೆಯೊಳಗೆ ಮುಳುಗಿಹೋಗುತ್ತವೆ. ಆದುದರಿಂದ ಬಲ್ಲವರು ನಡುವಣ ದ್ವಾರದಲ್ಲಿ, ಕ್ಯಾಮೆರಾವನ್ನು ಕೂದಲೆಳೆಯಷ್ಟು ಮುಂದಕ್ಕೆ ಸರಿಸುತ್ತ ಹಲವು ಚಿತ್ರಗಳನ್ನು ತೆಗೆದು, ಅವುಗಳ ಸ್ಪಷ್ಟ ಭಾಗಗಳನ್ನು ಗಣಕಯಂತ್ರದಲ್ಲಿ ಒಂದುಗೂಡಿಸುತ್ತಾರೆ.

ಕ್ಯಾಮೆರಾದಿಂದ ಬಟ್ಟೆಯ ಕುಣಿಕೆಗಳೂ ನೂಲಿನ ಹುರಿಗಳೂ ಅವುಗಳಲ್ಲಿ ಸಿಕ್ಕಿದ ಕಣಗಳೂ ಕಾಣುತ್ತವೆ. ಒಂದೊಂದು ಹೋಳನ್ನೂ ಬೇರ್ಪಡಿಸಿ ನೋಡಬೇಕಾದರೆ ಕಾಲೇಜಿನ ಸೂಕ್ಷ್ಮದರ್ಶಕವೇ ಬೇಕು. ಅದರ ಸಾಮಾನ್ಯವಾದ ಹತ್ತು ಮಡಿಯ ವಸ್ತುಮಸೂರವು ಸುಮಾರು 1.3 ಮೈಕ್ರೋಮೀಟರ್ ಅಂತರದ ವಿವರಗಳನ್ನು ಬಿಡಿಸಿ ತೋರಿಸಬಲ್ಲುದು. ಬೆಳಕನ್ನು ಮೇಲಿನಿಂದ ಬೀಳಿಸದೆ ಪಕ್ಕದಿಂದ ಓರೆಯಾಗಿ ಬೀಳಿಸಿರಿ. ದ್ರವಸ್ಫಟಿಕದ ಗಣಕಪರದೆಯಿಂದ ಹೊರಬರುವ ಬೆಳಕು ಧ್ರುವೀಕೃತವಾಗಿರುತ್ತದೆ. ಬಿಡಿಸಿದ ನಾಲ್ಕಾರು ಎಳೆಗಳನ್ನು ಅದರ ಮುಂದೆ ಹಿಡಿದು, ಕ್ಯಾಮೆರಾದ ಮುಂದೆ ಧ್ರುವಕ ಹಾಳೆಯೊಂದನ್ನು ಪರದೆ ಕಪ್ಪಾಗುವಂತೆ ತಿರುಗಿಸಿಟ್ಟರೆ, ಕತ್ತಲ ಹಿನ್ನೆಲೆಯಲ್ಲಿ ಎಳೆಗಳು ಮಾತ್ರ ಬೆಳಗುತ್ತವೆ. ಎಳೆಯುವಾಗ ಪಾಲಿಯೆಸ್ಟರಿನ ಅಣುಗಳು ಒಂದೇ ದಿಕ್ಕಿಗೆ ಸಾಲುಗೊಂಡಿರುವುದೇ ಇದಕ್ಕೆ ಕಾರಣ.

ಮೂರು ಚಿತ್ರಗಳನ್ನು ತೆಗೆಯಿರೆಂದು ನಾನು ಒತ್ತಾಯಿಸುತ್ತೇನೆ. ಹೊಸ ಬಟ್ಟೆಯದು ಒಂದು. ಒಂದು ತಿಂಗಳು ಜೇಬಿನಲ್ಲಿದ್ದ ಬಟ್ಟೆಯದು ಇನ್ನೊಂದು. ಅದನ್ನೇ ಸೌಮ್ಯವಾದ ಸಾಬೂನಿನಿಂದ ತೊಳೆದು ಒಣಗಿಸಿದ ಮೇಲೆ ಮತ್ತೊಂದು. ಎರಡನೆಯ ಚಿತ್ರದಲ್ಲಿ ಹುರಿಗಳ ನಡುವೆ ಹೊಳೆಯುವ ಹರಳುಗಳನ್ನು ಕಂಡ ವಿದ್ಯಾರ್ಥಿಗೆ ಮಸೂರವನ್ನು ಹೇಗೆ ಒರೆಸಬೇಕೆಂದು ಬೇರೆ ಯಾರೂ ಹೇಳಬೇಕಾಗಿಲ್ಲ. ತೊಳೆಯುವಾಗ ಬಟ್ಟೆಯನ್ನು ಮೃದುಗೊಳಿಸುವ ದ್ರಾವಣಗಳನ್ನು ಸೇರಿಸಬಾರದೆಂಬುದೂ ನೆನಪಿರಲಿ; ಅವು ಎಳೆಗಳಿಗೆ ಮೆತ್ತಿಕೊಂಡು ಸಂದುಗಳನ್ನು ಮುಚ್ಚುತ್ತವೆ, ಮಸೂರಕ್ಕೂ ಅಂಟುತ್ತವೆ. ಇಸ್ತ್ರಿಪೆಟ್ಟಿಗೆಯ ಬಿಸಿಯೂ ಈ ಎಳೆಗಳಿಗೆ ಶತ್ರು.

ಕೆಲವು ಆಕ್ಷೇಪಗಳು

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನೂ ವಿಚಾರ ಮಾಡಬೇಕು. ಮಸೂರಗಳ ಪೊರೆ ಈಗ ಬಹಳ ಗಟ್ಟಿ, ಅಂಗಿಯ ಅಂಚಿನಿಂದ ಒರೆಸಿಯೇ ಒಳ್ಳೆಯ ಚಿತ್ರ ತೆಗೆದ ವೃತ್ತಿಗಾರರಿದ್ದಾರೆ ಎಂದು ಕೆಲವರು ಹೇಳುತ್ತಾರೆ. ಒಂದೆರಡು ಗೀರುಗಳಿಂದ ಚಿತ್ರ ಕೆಡುವುದಿಲ್ಲವೆಂಬುದೂ ಸತ್ಯವೇ. ಆದರೆ ವೃತ್ತಿಗಾರನ ಮಸೂರ ಅವನ ಸ್ವಂತದ್ದು. ಅದು ಕೆಟ್ಟರೆ ಅವನ ಸಂಪಾದನೆಯಿಂದಲೇ ಇನ್ನೊಂದು ಬರುತ್ತದೆ. ಕಾಲೇಜಿನ ಸೂಕ್ಷ್ಮದರ್ಶಕದ ಮಾತು ಹಾಗಲ್ಲ. ಒಂದೇ ಉಪಕರಣವನ್ನು ಹಲವು ವಿದ್ಯಾರ್ಥಿಗಳು ಸರದಿಯ ಮೇಲೆ ಬಳಸುತ್ತಾರೆ. ಅವರ ರೆಪ್ಪೆಯ ಜಿಡ್ಡು ನೇತ್ರಮಸೂರಕ್ಕೆ ಹತ್ತುತ್ತದೆ. ನೂರು ಮಡಿಯ ಮಸೂರಕ್ಕೆ ಹಚ್ಚಿದ ಎಣ್ಣೆಯನ್ನು ಒರೆಸಿದ ಬಟ್ಟೆಯೇ ನಲವತ್ತು ಮಡಿಯ ಮಸೂರಕ್ಕೂ ಹೋಗಿ ಅಲ್ಲಿ ಎಣ್ಣೆಯನ್ನು ಬಳಿಯುತ್ತದೆ. ಈ ವರ್ಷದ ವಿದ್ಯಾರ್ಥಿಯ ಅವಸರದ ಒರೆಸುವಿಕೆಗೆ ಮುಂದೆ ಬರುವ ವಿದ್ಯಾರ್ಥಿಗಳೆಲ್ಲ ತೆರಿಗೆ ತೆರುತ್ತಾರೆ. ಈರುಳ್ಳಿಯ ಸಿಪ್ಪೆಯ ಕೋಶಗಳು ಮಸುಕಾಗಿ ಕಂಡಾಗ ತಮ್ಮ ಕಣ್ಣೇ ಮಂದವೆಂದೋ, ವಿಷಯವೇ ಕಠಿಣವೆಂದೋ ಅವರು ತಿಳಿದುಕೊಂಡರೆ ಅದು ಸಣ್ಣ ನಷ್ಟವಲ್ಲ.

ಮಸೂರದ ಮುಂದೆ ರಕ್ಷಣೆಯ ಗಾಜೊಂದನ್ನು ತೊಡಿಸಿದರೆ ಸಾಲದೆ ಎಂಬುದು ಇನ್ನೊಂದು ಆಕ್ಷೇಪ. ಆ ಗಾಜೂ ಮಾಸುತ್ತದೆ, ಅದನ್ನೂ ಒರೆಸಬೇಕು. ಜೊತೆಗೆ ಪ್ರತಿಫಲಿಸುವ ಎರಡು ಮೈಗಳನ್ನು ಅದು ಹೊಸದಾಗಿ ಸೇರಿಸುತ್ತದೆ. ಮಸೂರಕ್ಕೆಂದೇ ತಯಾರಿಸಿದ ಕಾಗದವನ್ನು ಬಳಸಬಾರದೆ ಎಂದರೆ, ಧಾರಾಳವಾಗಿ ಬಳಸಬಹುದು. ಒಮ್ಮೆ ಬಳಸಿ ಎಸೆಯುವುದರಿಂದ ನಿನ್ನೆಯ ಕಣವನ್ನು ಇಂದಿಗೆ ತಾರದಿರುವುದೇ ಅದರ ಹೆಚ್ಚುಗಾರಿಕೆ. ಪ್ರಯೋಗಶಾಲೆಯಲ್ಲಿ ಎಣ್ಣೆ ತೆಗೆಯಲು ಕಾಗದವನ್ನೂ, ಉಳಿದ ಕೆಲಸಕ್ಕೆ ಮುಚ್ಚಳವುಳ್ಳ ಡಬ್ಬಿಯಲ್ಲಿ ಇಟ್ಟ ಬಟ್ಟೆಯನ್ನೂ ಗೊತ್ತುಮಾಡಿ, ತೊಳೆದ ದಿನಾಂಕವನ್ನು ಡಬ್ಬಿಯ ಮೇಲೆ ಬರೆದಿಡುವ ಪದ್ಧತಿಯಾದರೆ ಒಳ್ಳೆಯದೆಂದು ನನ್ನ ಅಭಿಪ್ರಾಯ. ವರ್ಷಾರಂಭದಲ್ಲಿ ಒಂದು ತಾಸಿನ ಪಾಠವನ್ನು ಇದಕ್ಕೆ ಮೀಸಲಿಟ್ಟರೆ ಸಿಲೆಬಸ್ಸಿಗೆ ಕುಂದೇನೂ ಬಾರದು.

ಮೂರನೆಯ ಆಕ್ಷೇಪ ಇವೆಲ್ಲಕ್ಕಿಂತ ಗಂಭೀರವಾದುದು. ಈ ಬಟ್ಟೆ ಪ್ಲಾಸ್ಟಿಕ್ ಅಲ್ಲವೆ? ಹೌದು. ಸಮುದ್ರದಲ್ಲಿ ಸೇರಿದ ಸೂಕ್ಷ್ಮ ಪ್ಲಾಸ್ಟಿಕ್ ಚೂರುಗಳ ಕಡೆಗೆ 2004ರಲ್ಲಿ ರಿಚರ್ಡ್ ಥಾಂಪ್ಸನ್ ಮತ್ತು ಅವರ ಸಂಗಡಿಗರು ಲೋಕದ ಗಮನ ಸೆಳೆದರು. ಕೃತಕ ನೂಲಿನ ಒಂದೇ ಉಡುಪಿನಿಂದ ಒಂದು ಒಗೆತದಲ್ಲಿ 1,900ಕ್ಕೂ ಹೆಚ್ಚು ಎಳೆಚೂರುಗಳು ಬಿಡಬಹುದೆಂದು 2011ರಲ್ಲಿ ಮಾರ್ಕ್ ಬ್ರೌನ್ ಮತ್ತು ಸಂಗಡಿಗರು ವರದಿ ಮಾಡಿದರು. ನಮ್ಮ ಅಂಗೈಯಗಲದ ತುಂಡಿನ ಪಾಲು ಅಲ್ಪವೇ ಇರಬಹುದು. ಆದರೂ ಅದನ್ನು ಪುಕ್ಕಟೆಯ ವಸ್ತುವೆಂದು ಬಳಸಿ ಬಿಸಾಡುವುದು ಸರಿಯಲ್ಲ. ಬಟ್ಟೆ ಶುಚಿಯಾಗಿರಬೇಕಾದರೆ ತೊಳೆಯಬೇಕು; ತೊಳೆದಷ್ಟೂ ಎಳೆ ಬಿಡುತ್ತದೆ. ಈ ಇಕ್ಕಟ್ಟಿನಿಂದ ಪಾರಾಗುವ ದಾರಿ ಒಂದೇ: ಕಡಮೆ ಒರೆಸುವುದು. ಕಡಮೆ ಒರೆಸಿದರೆ ಬಟ್ಟೆ ಕಡಮೆ ಮಾಸುತ್ತದೆ, ಕಡಮೆ ಸಲ ತೊಳೆದರೆ ಸಾಕಾಗುತ್ತದೆ. ಮಸೂರಕ್ಕೆ ಹಿತವಾದುದೇ ನೀರಿಗೂ ಹಿತ. ಬೇಕಾದರೆ ಬಟ್ಟೆಯನ್ನು ಬೋಗುಣಿಯಲ್ಲಿ ಕೈಯಿಂದ ತೊಳೆದು ಆ ನೀರನ್ನು ರಸಾಯನಶಾಲೆಯ ಶೋಧಕ ಕಾಗದದಲ್ಲಿ ಸೋಸಿ, ಒಣಗಿದ ಕಾಗದವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿರಿ. ಪತ್ರಿಕೆಗಳಲ್ಲಿ ಓದಿದ ಸಂಗತಿ ಆಗ ನಿಮ್ಮ ಸ್ವಂತ ಅನುಭವದ ಸಂಗತಿಯಾಗುತ್ತದೆ.

ವಿಜ್ಞಾನವನ್ನು ಕಲಿಯಲು ದೊಡ್ಡ ಯಂತ್ರಗಳು ಬೇಕೆಂದು ಭಾವಿಸಿ ನಮ್ಮ ವಿದ್ಯಾರ್ಥಿಗಳು ಕಾದು ಕುಳಿತಿರುವುದುಂಟು. ಜೇಬಿನಲ್ಲಿರುವ ಒಂದು ತುಂಡು ಬಟ್ಟೆಯಲ್ಲಿ ಲೋಮನಾಳ ಕ್ರಿಯೆ ಇದೆ, ಗಡಸುತನದ ಮಾನವಿದೆ, ಬೆಳಕಿನ ವ್ಯತಿಕರಣ, ವಿವರ್ತನೆ, ಧ್ರುವೀಕರಣಗಳಿವೆ, ಜಪಾನಿನ ಉದ್ಯಮದ ಜಾಣ್ಮೆಯಿದೆ, ಸಮುದ್ರದ ಮೇಲಿನ ನಮ್ಮ ಹೊಣೆಯೂ ಇದೆ. ಮುಂದಿನ ಸಲ ಮಸೂರದ ಮೇಲೆ ಕಣವೊಂದು ಕಂಡಾಗ ಬಟ್ಟೆಯನ್ನು ಕೈಗೆ ತೆಗೆದುಕೊಳ್ಳಿರಿ. ಆದರೆ ಅದನ್ನು ಮಸೂರದ ಮೇಲಲ್ಲ, ಮಸೂರದ ಮುಂದೆ ಹಿಡಿಯಿರಿ.